ಟ್ರಂಪೆಟ್ ಗುರುಗುಟ್ಟಲು ಗಂಟಲು ಹಿಂಡಬೇಕಿಲ್ಲ

ಮಾನ್ಯ ಸಂಪಾದಕರೆ,

ಟ್ರಂಪೆಟ್‌ನ ಗ್ರೌಲ್ (ಗುರುಗುಟ್ಟುವಂತಹ ಒರಟು ನಾದ) ಕುರಿತು ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಸೊಗಸಾಗಿ ಓದಿಸಿಕೊಂಡು ಹೋಗುತ್ತದೆ. ಆದರೆ ಅದರಲ್ಲಿರುವ ಎರಡು ಮಾತುಗಳನ್ನು ನಂಬಿ ಯಾರಾದರೂ ಅಭ್ಯಾಸಕ್ಕೆ ಕೂತರೆ ಕಷ್ಟ. ಗಂಟಲನ್ನು ಬಿಗಿಹಿಡಿದು ಒಳಗೊಳಗೇ ಕೂಗಿದಂತೆ ಊದಬೇಕು ಎಂಬುದು ಒಂದು. ಬೇಸಿನ್ ಕಟ್ಟಿಕೊಂಡಾಗ ಒತ್ತುವ ರಬ್ಬರ್ ಬಟ್ಟಲನ್ನು ವಾದ್ಯದ ಬಾಯಿಗೆ ಹಿಡಿದರೆ ಗ್ರೌಲ್ ತಾನಾಗಿಯೇ ಬರುತ್ತದೆ ಎಂಬುದು ಇನ್ನೊಂದು. ಎರಡನೆಯದು ಬರೀ ತಪ್ಪು ಮಾಹಿತಿ. ಮೊದಲನೆಯದರಿಂದ ಗಂಟಲಿಗೆ ಪೆಟ್ಟೂ ಆಗುತ್ತದೆ. ಪತ್ರ ಉದ್ದವಾಗುತ್ತದೆ, ಸಹಿಸಿಕೊಳ್ಳಬೇಕು.

ಸದ್ದು ಎಲ್ಲಿ ಹುಟ್ಟುತ್ತದೆ ಎಂಬುದರಿಂದ ಶುರುಮಾಡುತ್ತೇನೆ. ಟ್ರಂಪೆಟ್‌ನಲ್ಲಿ ನಾದ ಕೊಡುವುದು ಮೌತ್‌ಪೀಸಿನೊಳಗೆ, ಅಂದರೆ ತುಟಿಗಿಟ್ಟು ಊದುವ ಭಾಗದೊಳಗೆ, ಅದುರುವ ತುಟಿ. ಬಿ-ಫ್ಲಾಟ್ ಟ್ರಂಪೆಟ್‌ನಲ್ಲಿ ಯಾವ ವಾಲ್ವನ್ನೂ (ಸ್ವರ ಬದಲಿಸಲು ಬೆರಳಿನಿಂದ ಒತ್ತುವ ಗುಂಡಿ) ಒತ್ತದೆ, ಐದು ಗೆರೆಗಳಲ್ಲಿ ಕೆಳಗಿನಿಂದ ಎರಡನೆಯದರ ಮೇಲೆ ಬರೆಯುವ ಜಿ ಸ್ವರ ಊದಿದರೆ ತುಟಿ ಸೆಕೆಂಡಿಗೆ ಸುಮಾರು 349 ಸಲ ತೆರೆದು ಮುಚ್ಚುತ್ತದೆ. ಈ ವೇಗದ ಅದುರಿನ ಮೇಲೆ ಸೆಕೆಂಡಿಗೆ 20-30 ಸಲದ ಇನ್ನೊಂದು ನಿಧಾನದ ಅದುರನ್ನು ಹೇರಿದರೆ ಅದೇ ಗ್ರೌಲ್. ಒಂದೊಂದಾಗಿ ಎಣಿಸಲು ಕಿವಿಗೆ ಅದು ತೀರಾ ಬೇಗ, ಸ್ವರವೆಂದು ಹಿಡಿಯಲು ತೀರಾ ನಿಧಾನ. ಹಾಗಾಗಿ ಅದು ಒರಟಾಗಿ ಕೇಳಿಸುತ್ತದೆ. ಎರಡು ತಂಬೂರಿ ತಂತಿಗಳ ಶ್ರುತಿ ಕೂದಲೆಳೆಯಷ್ಟು ತಪ್ಪಿದಾಗ ನಾದದಲ್ಲಿ ಅಲೆ ಏಳುತ್ತದಲ್ಲ, ಅದೇ ಅಲೆಯನ್ನು ಹತ್ತಾರು ಪಟ್ಟು ವೇಗಗೊಳಿಸಿದರೆ ಆಗುವ ಪರಿಣಾಮ ಇದು.

ಈ ಎರಡನೇ ಅದುರನ್ನು ಹೇರಲು ನಮ್ಮ ಬಳಿ ಇರುವ ಜಾಗ ಮೂರು: ನಾಲಿಗೆಯ ತುದಿ, ಕಿರುನಾಲಿಗೆಯ ಆಸುಪಾಸು, ಧ್ವನಿತಂತು. ಮೂರೂ ತುಟಿಯ ಹಿಂದೆ ಇವೆ. ಗಾಳಿ ತುಟಿಯನ್ನು ಮುಟ್ಟುವ ಮೊದಲೇ ಅದನ್ನು ಕಲಕಿ ಕಳಿಸಬೇಕು. ತುಟಿ ಮಾತ್ರ ಏನೂ ನಡೆದೇ ಇಲ್ಲವೆಂಬಂತೆ ತನ್ನ ಪಾಡಿಗೆ ಸ್ವರ ಹಿಡಿದಿರಬೇಕು. ಗಂಟಲು ಬಿಗಿಯಬಾರದೇಕೆ ಎಂಬುದು ಇಲ್ಲೇ ಇದೆ. ತಂತಿಯ ಮೇಲೆ ಒಣಹಾಕಿದ ಬಟ್ಟೆ ಸಡಿಲವಾಗಿದ್ದರೆ ಗಾಳಿಗೆ ಪಟಪಟಿಸುತ್ತದೆ, ನಾಲ್ಕೂ ಮೂಲೆ ಎಳೆದು ಕಟ್ಟಿದರೆ ಅಲ್ಲಾಡುವುದೇ ಇಲ್ಲ. ಬಿಗಿದ ಗಂಟಲಲ್ಲಿ ಅದುರಬೇಕಾದ ಮೆತ್ತನೆಯ ಭಾಗಗಳೆಲ್ಲ ಎಳೆದು ಕಟ್ಟಿದ ಬಟ್ಟೆಯಂತಾಗುತ್ತವೆ. ಗಾಳಿಯ ದಾರಿಯೂ ಕಿರಿದಾಗಿ ತುಟಿಗೆ ಸಾಕಷ್ಟು ಗಾಳಿ ಸಿಗದೆ ಸ್ವರ ಸಾಯುತ್ತದೆ. ಊದುವವರು ಆಗ ಇನ್ನಷ್ಟು ಹಿಂಡುತ್ತಾರೆ. ಅರ್ಧ ಗಂಟೆಯಲ್ಲಿ ದನಿ ಒಡೆಯುತ್ತದೆ.

ನಾಲಿಗೆಯದು ಸುಲಭ, ಅದನ್ನು ಮೊದಲು ಮುಗಿಸಿಬಿಡೋಣ. ಮಕ್ಕಳು ಆಟದ ಕಾರು ಓಡಿಸುವಾಗ ‘ಡ್ರ್‌ರ್‌ರ್’ ಎನ್ನುತ್ತಾರಲ್ಲ, ಅದೇ. ಹೆಸರು ಫ್ಲಟರ್ ಟಂಗ್. ಸ್ವರಲಿಪಿಯಲ್ಲಿ ಸ್ವರದ ಕಡ್ಡಿಗೆ ಮೂರು ಓರೆಗೆರೆ ಎಳೆದು ಮೇಲೆ ಸೂಚನೆ ಬರೆದಿರುತ್ತಾರೆ. ಜರ್ಮನ್ ಕೃತಿಗಳಲ್ಲಿ ಫ್ಲಾಟರ್‌ತ್ಸುಂಗೆ ಎಂದೂ ಇಟಾಲಿಯನ್‌ನಲ್ಲಿ ಫ್ರುಲ್ಲಾಟೊ ಎಂದೂ ಇರುತ್ತದೆ. ಜರ್ಮನ್ ಸಂಗೀತ ರಚನಕಾರ ರಿಚರ್ಡ್ ಸ್ಟ್ರಾಸ್ 1897ರಲ್ಲಿ ಮುಗಿಸಿದ ‘ಡಾನ್ ಕಿಹೋಟೆ’ಯಲ್ಲಿ ಕುರಿಮಂದೆಯ ಅರಚಾಟವನ್ನು ಹಿತ್ತಾಳೆ ವಾದ್ಯಗಳಿಂದ ತೆಗೆಸಿದ್ದು ಈ ತಂತ್ರದಿಂದಲೇ. ನಾಲಿಗೆಯ ತುದಿಯನ್ನು ಮೇಲಿನ ಹಲ್ಲುಗಳ ಹಿಂದಿನ ದಿಂಡಿಗೆ ಸಡಿಲವಾಗಿ ತಾಗಿಸಿ, ಎರಡೂ ಪಕ್ಕವನ್ನು ದವಡೆ ಹಲ್ಲಿಗೆ ಒರಗಿಸಿ ಗಾಳಿ ಬಿಟ್ಟರೆ ತುದಿ ತಾನೇ ಹೊಡೆದುಕೊಳ್ಳುತ್ತದೆ. ನಾಲಿಗೆಯನ್ನು ನಾವೇ ಅಲ್ಲಾಡಿಸಲು ಹೊರಟರೆ ಸೆಕೆಂಡಿಗೆ ಹತ್ತು ಸಲವೂ ಆಗದು. ಕೆಲಸ ಗಾಳಿಯದು, ನಾಲಿಗೆ ದಾರಿಯಲ್ಲಿ ನಿಂತಿರಬೇಕು, ಅಷ್ಟೆ.

ವಾದ್ಯವಿಲ್ಲದೆ ಚೆನ್ನಾಗಿ ಉರುಳುವ ನಾಲಿಗೆ ಮೌತ್‌ಪೀಸ್ ತುಟಿಗೆ ತಾಗಿದ ಕೂಡಲೇ ನಿಂತುಹೋಗುತ್ತದೆ ಎಂಬ ದೂರು ಬಹಳ ಸಾಮಾನ್ಯ. ಇದಕ್ಕೆ ಕಾರಣ ಒತ್ತಡ. ನಾಲಿಗೆ ಉರುಳಬೇಕಾದರೆ ಅದರ ಹಿಂದಿನ ಗಾಳಿಯ ಒತ್ತಡ ಮುಂದಿನದಕ್ಕಿಂತ ಹೆಚ್ಚಿರಬೇಕು. ತುಟಿ ಮುಚ್ಚಿ ಊದುವಾಗ ಮುಂದೆಯೂ ಒತ್ತಡ ಕಟ್ಟಿಕೊಳ್ಳುತ್ತದೆ, ವ್ಯತ್ಯಾಸ ಕುಗ್ಗುತ್ತದೆ. ಮೇಲಿನ ಸ್ವರಗಳಲ್ಲಿ ತುಟಿಯ ಕಿಂಡಿ ಇನ್ನೂ ಚಿಕ್ಕದು, ಹಾಗಾಗಿ ಐದು ಗೆರೆಗಳ ಮೇಲಕ್ಕೆ ಹೋದಂತೆ ನಾಲಿಗೆ ಮೊಂಡುಬೀಳುತ್ತದೆ. ಮೆಲ್ಲಗೆ ಊದುವಾಗಲೂ ಇದೇ ಕಥೆ, ಅಲ್ಲಿ ಗಾಳಿಯೇ ಸಾಲದು. ಆದ್ದರಿಂದ ಜಿ ಸ್ವರದಲ್ಲಿ, ಮಧ್ಯಮಕ್ಕಿಂತ ತುಸು ಜೋರಾಗಿ ಶುರುಮಾಡಿ, ಅರ್ಧ ಅರ್ಧ ಸ್ವರ ಮೇಲಕ್ಕೆ ಸರಿಯುವುದು ಒಳ್ಳೆಯದು. ‘ತ’ ಎಂದು ಹೊಡೆದು ಉರುಳಿಸುವ ಬದಲು ಗಾಳಿಯಿಂದಲೇ, ‘ಹ್ರ್‌ರ್’ ಎಂಬಂತೆ ತೆಗೆದರೆ ಆರಂಭ ನುಣುಪಾಗಿ ಬರುತ್ತದೆ.

ಇದರ ದೊಡ್ಡ ಮಿತಿ ಎಂದರೆ ನಾಲಿಗೆ ಇಲ್ಲಿ ಕೆಲಸದಲ್ಲಿ ಸಿಕ್ಕಿಬೀಳುತ್ತದೆ. ಒಂದು ಸ್ವರದಿಂದ ಇನ್ನೊಂದಕ್ಕೆ ‘ತತತ’ ಎಂದು ಬಿಡಿಸಿ ಊದಲು ಆಗುವುದಿಲ್ಲ. ಅದುರು ಕೂಡ ತೀರಾ ಸಮ, ಯಂತ್ರದಂತೆ. ವೃಂದದ ಸಂಗೀತಕ್ಕೆ ಅದು ಸರಿ. ಬ್ಲೂಸ್‌ನಲ್ಲಿ ಅದೇ ಸದ್ದು ಹೊಲಿಗೆ ಯಂತ್ರದಂತೆ ಕೇಳುತ್ತದೆ. ಇದು ನಮ್ಮ ಅಭಿರುಚಿಯ ಮಾತು, ಒಪ್ಪದವರೂ ಇದ್ದಾರೆ.

ಲೇಖಕರ ಮನಸ್ಸಿನಲ್ಲಿದ್ದ ಗ್ರೌಲ್, ಅಂದರೆ ಪ್ರಾಣಿ ಗುರುಗುಟ್ಟಿದಂತಹ ಸದ್ದು, ಗಂಟಲಿನದು. ಇಲ್ಲಿ ಕಲಿಯುವವರಿಗೆ ಒಂದು ತೊಡಕಿದೆ. ನಾಲಿಗೆಯ ಉರುಳಿಗೆ ಕನ್ನಡದ ‘ರ’ ಕೈಹಿಡಿಯುತ್ತದೆ, ಆದರೆ ಕಿರುನಾಲಿಗೆಯನ್ನು ಅದುರಿಸುವ ಅಕ್ಷರ ನಮ್ಮ ವರ್ಣಮಾಲೆಯಲ್ಲಿ ಇಲ್ಲ. ಇರುವುದೊಂದೇ ದಾರಿ, ಕ್ಯಾಕರಿಸುವುದು. ಆದರೆ ಕ್ಯಾಕರಿಸುವಾಗ ನಾವು ಗಂಟಲನ್ನು ಕೆರೆಯುತ್ತೇವೆ, ಅದು ನೋಯುತ್ತದೆ. ಬೇಕಾದದ್ದು ಅದೇ ಜಾಗ, ಆ ಜೋರು ಬೇಡ.

ಜಾಗ ಹುಡುಕಲು ನೀರೇ ಗುರು. ಒಂದು ಗುಟುಕು ಉಗುರುಬೆಚ್ಚನೆಯ ನೀರನ್ನು ಬಾಯಿಗೆ ಹಾಕಿ, ತಲೆ ಹಿಂದಕ್ಕೆ ವಾಲಿಸಿ, ದನಿ ಹೊರಡಿಸದೆ ಗಳಗಳ ಎನ್ನಿಸಬೇಕು. ಎಲ್ಲಿ ಅದುರುತ್ತಿದೆ ಎಂದು ಗಮನಿಸಿ ನೀರು ಉಗಿದು, ತಲೆ ನೆಟ್ಟಗೆ ಮಾಡಿ, ನೀರಿಲ್ಲದೆ ಅದೇ ಅದುರನ್ನು ‘ಖ್ರ್‌ರ್’ ಎಂದು ಉಸಿರಿನಲ್ಲೇ ತೆಗೆಯಬೇಕು. ಈಗ ಅಂಗೈಯನ್ನು ಬಾಯಿಂದ ಒಂದು ಗೇಣು ದೂರ ಹಿಡಿದು ನೋಡಿ. ಗಾಳಿ ಅಂಗೈಗೆ ಬಿಸಿಯಾಗಿ, ಧಾರಾಳವಾಗಿ ಬಡಿಯುತ್ತಿದ್ದರೆ ಗಂಟಲು ತೆರೆದಿದೆ. ಸದ್ದು ಜೋರಿದ್ದೂ ಗಾಳಿ ತಲುಪದಿದ್ದರೆ ಹಿಂಡುತ್ತಿದ್ದೀರಿ ಎಂದರ್ಥ. ಅಲ್ಲೇ ನಿಲ್ಲಿಸಿ, ಒಮ್ಮೆ ಆಕಳಿಸಿ, ಮತ್ತೆ ಶುರುಮಾಡಬೇಕು. ಆಕಳಿಕೆಯಲ್ಲಿ ಗಂಟಲು ಎಷ್ಟು ತೆರೆಯುತ್ತದೋ ಅಷ್ಟೇ ತೆರೆದಿಟ್ಟುಕೊಂಡು, ನಾಲಿಗೆಯ ಬುಡವನ್ನು ಮಾತ್ರ ಕಿರುನಾಲಿಗೆಯತ್ತ ಕೂದಲಷ್ಟು ಎತ್ತುವುದೇ ಇಲ್ಲಿನ ಗುಟ್ಟು. ಹೆಚ್ಚು ಎತ್ತಿದರೆ ಸ್ವರದ ಶ್ರುತಿ ಜಾರುತ್ತದೆ, ಕಡಿಮೆ ಎತ್ತಿದರೆ ಬರೀ ಉಸಿರು.

ಕೆಲವರಿಗೆ ಅದುರು ಇನ್ನೂ ಕೆಳಗೆ, ಗಂಟಲಮಣಿಯ ಮಟ್ಟದಲ್ಲಿ ಹುಟ್ಟುತ್ತದೆ. ಧ್ವನಿತಂತುಗಳ ಮೇಲ್ಗಡೆ ಇನ್ನೊಂದು ಜೋಡಿ ದಪ್ಪ ಮಡಿಕೆಗಳಿವೆ, ಅದುರುವುದು ಅವು. ಸದ್ದು ಗಾಢವಾಗಿರುತ್ತದೆ, ದಣಿವೂ ಬೇಗ. ಎಲ್ಲಿ ಅದುರುತ್ತಿದೆ ಎಂದು ತಿಳಿಯಲು ಎರಡು ಬೆರಳನ್ನು ಗಂಟಲಮಣಿಯ ಮೇಲಿಟ್ಟು ನೋಡಿದರೆ ಸಾಕು. ಕಿರುನಾಲಿಗೆಯ ಅದುರಿನಲ್ಲಿ ಬೆರಳಿಗೆ ಹೆಚ್ಚೇನೂ ತಾಗುವುದಿಲ್ಲ, ಕೆಳಗಿನದಾದರೆ ಸ್ಪಷ್ಟವಾಗಿ ಝುಮ್ಮೆನ್ನುತ್ತದೆ. ಹೊಸಬರಿಗೆ ಮೇಲಿನದೇ ಒಳ್ಳೆಯದು.

ಉಸಿರಿನಲ್ಲಿ ಅದು ನಾಲ್ಕೈದು ಸೆಕೆಂಡು ಬಿಡದೆ ನಿಲ್ಲತೊಡಗಿದ ಮೇಲೆ ತುಟಿಯನ್ನು ಸ್ಟ್ರಾ ಹಿಡಿಯುವಷ್ಟು ಕಿರಿದು ಮಾಡಿ ಅದನ್ನೇ ಮಾಡಿ, ಆಮೇಲೆ ಬರೀ ಮೌತ್‌ಪೀಸಿನಲ್ಲಿ, ಆಮೇಲಷ್ಟೇ ವಾದ್ಯದಲ್ಲಿ. ಈ ಕ್ರಮವನ್ನು ಹಾರಿಸಿದರೆ ಏನು ಕೆಡುತ್ತಿದೆ, ಎಲ್ಲಿ ಕೆಡುತ್ತಿದೆ ಎಂದು ಗೊತ್ತಾಗುವುದಿಲ್ಲ. ವಾದ್ಯದಲ್ಲಿ ಮೆಟ್ರೊನೋಮನ್ನು 60ಕ್ಕೆ ಇಟ್ಟು ಅದೇ ಜಿ ಸ್ವರವನ್ನು ನಾಲ್ಕು ಎಣಿಕೆ ಶುದ್ಧವಾಗಿ, ನಾಲ್ಕು ಎಣಿಕೆ ಗ್ರೌಲ್‌ನಲ್ಲಿ, ಮತ್ತೆ ನಾಲ್ಕು ಎಣಿಕೆ ಶುದ್ಧವಾಗಿ ಒಂದೇ ಉಸಿರಿಗೆ ಊದಬೇಕು. ಪರೀಕ್ಷೆ ಇರುವುದು ಕೊನೆಯ ನಾಲ್ಕರಲ್ಲಿ. ಒಂಬತ್ತನೇ ಎಣಿಕೆಗೆ ಸ್ವರ ತಟ್ಟನೆ, ಮೊದಲಿನ ಶ್ರುತಿಯಲ್ಲೇ ತಿಳಿಯಾದರೆ ಗಂಟಲು ಸರಿಯಿದೆ. ತಿಳಿಯಾಗಲು ಒಂದು ಎಣಿಕೆ ಹಿಡಿದರೆ ಅಥವಾ ಶ್ರುತಿ ಬೇರೆಡೆ ಬಂದು ಕೂತರೆ ನಡುವಿನ ನಾಲ್ಕರಲ್ಲಿ ಎಲ್ಲೋ ಬಿಗಿದಿದ್ದೀರಿ. ಗ್ರೌಲ್ ಎಷ್ಟು ಚೆನ್ನಾಗಿ ಕೇಳಿತು ಎಂಬುದಕ್ಕಿಂತ ಈ ಹಿಂದಿರುಗುವಿಕೆಯನ್ನೇ ನಂಬಬೇಕು.

ಗ್ರೌಲ್ ಸೇರುವ ಕ್ಷಣದಲ್ಲಿ ಗಾಳಿಯ ಒಂದು ಪಾಲನ್ನು ಅದು ತಿಂದುಹಾಕುತ್ತದೆ. ನಾಲ್ಕನೇ ಎಣಿಕೆ ಮುಗಿಯುತ್ತಿದ್ದಂತೆ, ಅಂದರೆ ಗ್ರೌಲ್‌ಗೆ ತುಸು ಮೊದಲೇ, ಹೊಟ್ಟೆಯಿಂದ ಗಾಳಿ ಏರಿಸಿಕೊಳ್ಳಬೇಕು. ಸ್ವರ ಮಾಯವಾದ ಮೇಲೆ ಏರಿಸಿದರೆ ಅದು ಹಿಂದಿರುಗುವುದಿಲ್ಲ. ಶುದ್ಧ ಸ್ವರದಲ್ಲಿ ಹನ್ನೆರಡು ಎಣಿಕೆ ಆರಾಮವಾಗಿ ತೆಗೆಯುವವರಿಗೂ ಗ್ರೌಲ್‌ನಲ್ಲಿ ಏಳೆಂಟಕ್ಕೇ ಉಸಿರು ಮುಗಿಯಬಹುದು, ಅದಕ್ಕೆ ಗಾಬರಿ ಬೇಡ. ಗಂಟಲ ಗ್ರೌಲ್‌ನ ದೊಡ್ಡ ಲಾಭ ನಾಲಿಗೆಯ ಬಿಡುವು: ತುದಿ ಖಾಲಿ ಇರುವುದರಿಂದ ‘ತ’, ‘ದ’ ಎಂದು ಸ್ವರಗಳನ್ನು ಬಿಡಿಸಿಯೂ ಊದಬಹುದು, ಗ್ರೌಲ್ ಕಡಿಯುವುದಿಲ್ಲ.

ಮೂರನೆಯದು ಊದುತ್ತಲೇ ಹಾಡುವುದು. ಲೇಖನ ಇದನ್ನು ಪ್ರಸ್ತಾಪಿಸಲೇ ಇಲ್ಲ. ನಮ್ಮ ಮಟ್ಟಿಗೆ ಮೂರರಲ್ಲಿ ಹೆಚ್ಚು ಸ್ವಾರಸ್ಯವಿರುವುದು ಇದರಲ್ಲೇ, ಏಕೆಂದರೆ ಒರಟುತನದ ಅಳತೆ ಪೂರ್ತಿ ನಮ್ಮ ಕೈಯಲ್ಲಿರುತ್ತದೆ. ತುಟಿ ಒಂದು ಸ್ವರ ಹಿಡಿದಿರುವಾಗ ಧ್ವನಿತಂತು ಇನ್ನೊಂದನ್ನು ‘ಊ’ ಎಂದು ಗುನುಗಿದರೆ ಎರಡರ ಕಂಪನಗಳ ಅಂತರದಷ್ಟು ವೇಗದ ಅಲೆ ಏಳುತ್ತದೆ. ವಾದ್ಯ ಸೆಕೆಂಡಿಗೆ 440 ಕಂಪನದಲ್ಲಿ, ದನಿ 415ರಲ್ಲಿ ಇದ್ದರೆ ಸೆಕೆಂಡಿಗೆ 25 ಅಲೆ. ಗ್ರೌಲ್‌ಗೆ ಹೇಳಿ ಮಾಡಿಸಿದ ಅಂತರ. ಅಲ್ಲಿ ಎರಡರ ನಡುವೆ ಇರುವುದು ಅರ್ಧ ಸ್ವರ. ವಾದ್ಯದ ಕೆಳಗಿನ ಭಾಗದಲ್ಲಿ, 233ರ ಹತ್ತಿರ ಊದುವಾಗ ಅರ್ಧ ಸ್ವರದ ಅಂತರ ಕೊಡುವುದು ಹದಿನಾಲ್ಕು ಅಲೆ ಮಾತ್ರ, ಅದು ಗ್ರೌಲ್ ಆಗದೆ ತೊದಲುತ್ತದೆ. ಅಲ್ಲಿ ಒಂದು ಪೂರ್ಣ ಸ್ವರ ಮೇಲೆ, 262ರ ಸುಮಾರಿಗೆ ಗುನುಗಿದರೆ 29 ಅಲೆ ಸಿಗುತ್ತದೆ. ಕೆಳಗೆ ಅಂತರ ಹೆಚ್ಚಿಸಿ, ಮೇಲೆ ಕಡಿಮೆ ಮಾಡಿ ಎಂದು ಹೇಳುವುದು ಇದಕ್ಕೇ.

ಸುಸ್ವರ ಹಾಡಿದರೆ ಗ್ರೌಲ್ ಬರುವುದಿಲ್ಲ ಎಂಬುದು ಇದರ ತಮಾಷೆ. ವಾದ್ಯದಲ್ಲಿ ಷಡ್ಜ ಹಿಡಿದು ದನಿಯಲ್ಲಿ ಪಂಚಮ ಹಾಡಿ ನೋಡಿ. ಕಂಪನಗಳ ಅನುಪಾತ 2ಕ್ಕೆ 3. ಅಂತರ 1, ಅಂದರೆ ಒಂದು ಸ್ಥಾಯಿ ಕೆಳಗಿನ ಷಡ್ಜ ಯಾರೂ ಊದದೆ, ಯಾರೂ ಹಾಡದೆ ಕೇಳತೊಡಗುತ್ತದೆ. ಎರಡರ ಮೊತ್ತ 5, ಅದು ಮೇಲಿನ ಸ್ಥಾಯಿಯ ಅಂತರ ಗಾಂಧಾರ. ಒಬ್ಬರೇ ಊದಿ ನಾಲ್ಕು ಸ್ವರ ಕೇಳಿಸಬಹುದು, ಆದರೆ ಸದ್ದು ದುಂಡಗೆ, ಹಾರ್ಮೋನಿಯಂನಂತೆ. ಒರಟು ಬೇಕೆಂದರೆ ಬೇಕೆಂದೇ ಅಪಸ್ವರ ಹಾಡಬೇಕು. ಶ್ರುತಿ ಪಕ್ಕಾ ಇರುವವರಿಗೆ ಇದೇ ಕಷ್ಟ; ದನಿ ತಾನಾಗಿ ವಾದ್ಯದ ಸ್ವರಕ್ಕೆ ಹೋಗಿ ಕೂತುಬಿಡುತ್ತದೆ.

ತದ್ವಿರುದ್ಧವೂ ಆಗುತ್ತದೆ. ಗಟ್ಟಿಯಾಗಿ ಗುನುಗಿದರೆ ದನಿಯ ಅದುರು ತುಟಿಯನ್ನು ತನ್ನತ್ತ ಎಳೆದು ವಾದ್ಯದ ಸ್ವರ ಜಾರುತ್ತದೆ, ಕೆಲವೊಮ್ಮೆ ಪಕ್ಕದ ಸ್ವರಕ್ಕೇ ನೆಗೆಯುತ್ತದೆ. ಇದಕ್ಕೆ ಮದ್ದು ಕ್ರಮ. ಮೊದಲು ವಾದ್ಯದ ಸ್ವರ ಎರಡು ಎಣಿಕೆ ನಿಲ್ಲಲಿ. ಆಮೇಲೆ ಅದೇ ಸ್ವರವನ್ನು ತೀರಾ ಮೆಲ್ಲಗೆ ದನಿಯಲ್ಲಿ ಸೇರಿಸಿ. ಆಮೇಲೆ ದನಿಯನ್ನಷ್ಟೇ ಜಾರು ಹಾಕಿದಂತೆ ಕೆಳಕ್ಕೆ ಇಳಿಸಿ. ಮೊದಲು ನಿಧಾನದ ಅಲೆ, ಆಮೇಲೆ ನಡುಕ, ಆಮೇಲೆ ಒರಟು ಕೇಳುತ್ತದೆ. ಒರಟು ಹಿತವೆನಿಸಿದಲ್ಲಿ ನಿಲ್ಲಿ. ವಾದ್ಯದ ಸ್ವರ ಎತ್ತರದಲ್ಲಿದ್ದು ಗಂಡುದನಿಗೆ ಎಟುಕದಿದ್ದರೆ ಒಂದು ಸ್ಥಾಯಿ ಕೆಳಗೆ, ಅಲ್ಲೂ ಅರ್ಧ ಸ್ವರ ತಪ್ಪಿಸಿ ಗುನುಗಬಹುದು. ದನಿಯ ಮೇಲಿನ ಉಪಸ್ವರ ವಾದ್ಯದ ಸ್ವರದೊಂದಿಗೆ ತಿಕ್ಕಾಡಿ ಅದೇ ಪರಿಣಾಮ ಕೊಡುತ್ತದೆ, ಹರಿತ ಮಾತ್ರ ತುಸು ಕಡಿಮೆ. ಗುನುಗಿನ ಗಟ್ಟಿತನ ವಾದ್ಯದ್ದಕ್ಕಿಂತ ಯಾವಾಗಲೂ ಕಡಿಮೆ ಇರಲಿ. ದನಿ ಕೂಗಾದರೆ ಮತ್ತೆ ಅದೇ ಗಂಟಲಿನ ತೊಂದರೆ.

ಇನ್ನು ರಬ್ಬರ್ ಬಟ್ಟಲು, ಅಂದರೆ ಪ್ಲಂಜರ್. ಪ್ಲಂಜರ್ ಗ್ರೌಲ್ ಮಾಡುವುದಿಲ್ಲ, ಅದಕ್ಕೆ ಮಾತು ಕಲಿಸುತ್ತದೆ. ಮುಚ್ಚಿದಾಗ ‘ಊ’, ತೆರೆದಾಗ ‘ಆ’, ನಡುವೆ ಜಾರಿದಾಗ ‘ವಾ’. ಮುಚ್ಚಿದ ಬಟ್ಟಲು ನಾದದ ಹೊಳಪನ್ನು ನುಂಗುತ್ತದೆ, ತೆರೆದಂತೆ ಅದು ಹೊರಬೀಳುತ್ತದೆ. ಸ್ವರಲಿಪಿಯಲ್ಲಿ ಕೂಡಿಸುವ ಚಿಹ್ನೆ ಎಂದರೆ ಮುಚ್ಚು, ಸೊನ್ನೆ ಎಂದರೆ ತೆರೆ. ಗ್ರೌಲ್ ಇಲ್ಲದ ಸ್ವರಕ್ಕೆ ಬಟ್ಟಲು ಹಿಡಿದರೆ ‘ವಾವಾ’ ಬರುತ್ತದೆ, ಗುರುಗುಟ್ಟುವಿಕೆ ಬರುವುದಿಲ್ಲ. ಯಾರು ಬೇಕಾದರೂ ಒಂದು ನಿಮಿಷದಲ್ಲಿ ಪರೀಕ್ಷಿಸಬಹುದಾದ ಸಂಗತಿಯಿದು.

ಟ್ರಂಪೆಟ್‌ನ ಬೆಲ್, ಅಂದರೆ ಸದ್ದು ಹೊರಬೀಳುವ ಅಗಲ ಬಾಯಿ, ಸುಮಾರು 12 ಸೆಂ.ಮೀ. ಅಗಲ. ಅದಕ್ಕೆ ಬೇಸಿನ್‌ಗೆ ಬಳಸುವ ಚಿಕ್ಕ ಪ್ಲಂಜರ್ ಸಾಕು, ಶೌಚಾಲಯದ ದೊಡ್ಡದು ಕೈಗೂ ಕೂರದು. ಹೊಸದನ್ನೇ ತಂದು, ಹಿಡಿ ತಿರುಗಿಸಿ ಕಳಚಿ, ಸೋಪಿನಲ್ಲಿ ತೊಳೆದು ವಾಸನೆ ಹೋಗುವವರೆಗೆ ಗಾಳಿಗೆ ಇಡಬೇಕು. ರಬ್ಬರ್ ಮೆತ್ತಗಿದ್ದಷ್ಟೂ ಒಳ್ಳೆಯದು. ಹಿಡಿ ಇದ್ದ ಜಾಗದಲ್ಲಿ ನಾಣ್ಯದಗಲದ ತೂತು ಕೊರೆದುಕೊಳ್ಳುವವರಿದ್ದಾರೆ. ಮುಚ್ಚಿದಾಗ ಉಸಿರು ಕಟ್ಟಿದಂತಾಗುವುದು ಅದರಿಂದ ತಗ್ಗುತ್ತದೆ. ಎಡಗೈಯ ಅಂಗೈ ಬಟ್ಟಲಿನ ಬೆನ್ನಿಗೆ ಇರಲಿ. ಕೆಳಗಿನ ಅಂಚು ಬೆಲ್‌ನ ಕೆಳ ಅಂಚಿಗೆ ತಾಗಿಯೇ ಇರಲಿ, ಮೇಲಿನ ಅಂಚು ಬಾಗಿಲಿನಂತೆ ತೆರೆದು ಮುಚ್ಚಲಿ. ಮುಚ್ಚು ಎಂದಾಗ ಪೂರ್ತಿ ಒತ್ತಿ ಮುಚ್ಚುವುದು ಸಾಮಾನ್ಯ ತಪ್ಪು. ಬೆರಳು ತೂರುವಷ್ಟು ಸಂದು ಬಿಡಬೇಕು. ಇಲ್ಲದಿದ್ದರೆ ಎದುರೊತ್ತಡ ಏರಿ ಸ್ವರ ಉಸಿರುಗಟ್ಟುತ್ತದೆ, ಶ್ರುತಿಯೂ ಸರಿಯುತ್ತದೆ.

ಎಡಗೈ ಬಟ್ಟಲಿಗೆ ಹೋದ ಮೇಲೆ ಒಂದು ಕೆ.ಜಿ.ಗೆ ತುಸು ಹೆಚ್ಚೇ ತೂಗುವ ವಾದ್ಯದ ಭಾರವೆಲ್ಲ ಬಲಗೈಗೆ ಬೀಳುತ್ತದೆ. ಹೆಬ್ಬೆರಳು ಒಂದು ಮತ್ತು ಎರಡನೇ ವಾಲ್ವುಗಳ ನಡುವೆ ಊರಿ, ಕಿರುಬೆರಳು ಕೊಕ್ಕೆಯಲ್ಲಿ ನಿಂತು ಭಾರ ಹೊರಬೇಕು. ಕಿರುಬೆರಳು ಎಳೆಯತೊಡಗಿದರೆ ಮೌತ್‌ಪೀಸ್ ತುಟಿಗೆ ಒತ್ತುತ್ತದೆ. ಊದಿ ಇಳಿಸಿದ ಮೇಲೆ ತುಟಿಯ ಮೇಲೆ ಉಂಗುರದ ಗುರುತು ಬಹಳ ಹೊತ್ತು ಉಳಿದರೆ ಅದೇ ಕಾರಣ. ಮೊದಲ ವಾರ ಬಟ್ಟಲಿಲ್ಲದೆ ಬರೀ ಬಲಗೈಯಲ್ಲಿ ಹಿಡಿದು ದಿನಕ್ಕೆ ಎರಡು ನಿಮಿಷ ಊದಿದರೆ ಕೈ ಪಳಗುತ್ತದೆ.

ಹಳೆಯ ರೆಕಾರ್ಡುಗಳಲ್ಲಿ ಕೇಳುವ ಆ ಮೂಗಿನ, ಕಿರಿದಾದ ಗ್ರೌಲ್‌ಗೆ ಬಟ್ಟಲು ಒಂದೇ ಸಾಲದು. ಬೆಲ್‌ನ ಒಳಗೆ ಪಿಕ್ಸಿ ಎಂಬ ಸಣ್ಣ ಸ್ಟ್ರೇಟ್ ಮ್ಯೂಟ್ (ನಾದದ ಬಣ್ಣ ಬದಲಿಸಲು ಬೆಲ್‌ಗೆ ತುರುಕುವ ಬಿರಡೆ) ಕೂರಿಸಿ ಅದರ ಮೇಲೆ ಬಟ್ಟಲು ಆಡಿಸುತ್ತಾರೆ. ಸಾಧಾರಣ ಸ್ಟ್ರೇಟ್ ಮ್ಯೂಟ್ ಬೆಲ್‌ನಿಂದ ಹೊರಗೆ ಚಾಚಿಕೊಂಡಿರುತ್ತದೆ, ಬಟ್ಟಲು ಮುಚ್ಚಲು ಬಿಡುವುದಿಲ್ಲ. ಪಿಕ್ಸಿ ಸಣಕಲು, ಆಳಕ್ಕೆ ಕೂರುತ್ತದೆ. ಅದರ ಮೈಮೇಲೆ ಮೂರು ಕಾರ್ಕ್ ಪಟ್ಟಿಗಳಿರುತ್ತವೆ. ಬೆಲ್‌ನೊಳಕ್ಕೆ ಒಮ್ಮೆ ‘ಹಾ’ ಎಂದು ಬಿಸಿ ಉಸಿರು ಬಿಟ್ಟು, ಆ ತೇವದ ಮೇಲೆ ಮ್ಯೂಟ್ ಇಟ್ಟು ಕಾಲು ಸುತ್ತು ತಿರುಗಿಸಿದರೆ ಕಚ್ಚಿಕೊಳ್ಳುತ್ತದೆ. ಒಣ ಬೆಲ್‌ಗೆ ತುರುಕಿದ ಮ್ಯೂಟ್ ಜೋರಾಗಿ ಊದಿದಾಗ ಕಳಚಿ ನೆಲಕ್ಕೆ ಬೀಳುವುದು ಸಾಮಾನ್ಯ. ಕಾರ್ಕ್ ದಪ್ಪವಾಗಿ ಮ್ಯೂಟ್ ಹೊರಗೇ ನಿಂತರೆ ಮರಳು ಕಾಗದದಲ್ಲಿ ಮೂರನ್ನೂ ಸಮನಾಗಿ, ಸ್ವಲ್ಪ ಸ್ವಲ್ಪವೇ ತಿಕ್ಕಬೇಕು. ತಿಕ್ಕಿದ್ದು ಮತ್ತೆ ಬೆಳೆಯುವುದಿಲ್ಲ. ಸ್ಟ್ರೇಟ್ ಮ್ಯೂಟ್ ಸಾಮಾನ್ಯವಾಗಿ ಶ್ರುತಿ ಏರಿಸುತ್ತದೆ, ಆದ್ದರಿಂದ ಮ್ಯೂಟ್ ಹಾಕಿದ ಮೇಲೆ ಟ್ಯೂನಿಂಗ್ ಸ್ಲೈಡನ್ನು (ಶ್ರುತಿ ಹೊಂದಿಸುವ ಜಾರು ಕೊಳವೆ) ತುಸು ಹೊರಕ್ಕೆ ಎಳೆದು ಮತ್ತೊಮ್ಮೆ ಶ್ರುತಿ ನೋಡಿಕೊಳ್ಳಬೇಕು.

ಈ ಎಲ್ಲವನ್ನೂ ಒಟ್ಟಿಗೆ ಹೆಣೆದವರು ಅಮೆರಿಕದ ಜಾಝ್ ಸಂಗೀತಗಾರ ಡ್ಯೂಕ್ ಎಲಿಂಗ್ಟನ್ ವೃಂದದ ಟ್ರಂಪೆಟ್ ವಾದಕ ಬಬರ್ ಮೈಲಿ. ಗಂಟಲ ಗ್ರೌಲ್, ಅದರ ಜೊತೆ ಗುನುಗು, ಹೊರಗೆ ಪಿಕ್ಸಿ ಮತ್ತು ಬಟ್ಟಲು. 1927ರ ‘ಬ್ಲ್ಯಾಕ್ ಅಂಡ್ ಟ್ಯಾನ್ ಫ್ಯಾಂಟಸಿ’ ಕೇಳಿದರೆ ಒಂದೇ ಸ್ವರದ ಮೇಲೆ ಈ ಪದರಗಳು ಬಂದು ಹೋಗುವುದು ಗೊತ್ತಾಗುತ್ತದೆ. ಲೇಖನ ಅವರನ್ನು ಹುಟ್ಟು ಪ್ರತಿಭೆ ಎಂದು ಬಣ್ಣಿಸಿ ಮುಂದೆ ಹೋಗಿದೆ. ಆದರೆ 1929ರಲ್ಲಿ ಅವರ ಜಾಗಕ್ಕೆ ಬಂದ ಕೂಟಿ ವಿಲಿಯಮ್ಸ್‌ಗೆ ವೃಂದ ಸೇರುವಾಗ ಈ ವಿದ್ಯೆ ಬರುತ್ತಿರಲಿಲ್ಲ. ಟ್ರೊಂಬೋನ್‌ನಲ್ಲಿ ಇದನ್ನೇ ಮಾಡುತ್ತಿದ್ದ ಜೋ ನ್ಯಾಂಟನ್ ಅವರನ್ನು ಕೇಳುತ್ತ ಕಲಿತರು. 1940ರ ‘ಕನ್ಸರ್ಟೊ ಫಾರ್ ಕೂಟಿ’ಯಲ್ಲಿ ಅವರು ಬಟ್ಟಲಿನ ಮೆಲುದನಿ, ಗ್ರೌಲ್, ಬಟ್ಟಲೂ ಮ್ಯೂಟೂ ಇಲ್ಲದ ಬಯಲು ಟ್ರಂಪೆಟ್ ಮೂರನ್ನೂ ಒಂದೇ ಕೃತಿಯಲ್ಲಿ ದಾಟುತ್ತಾರೆ. ಒರಟು ನಾದದ ಪಕ್ಕದಲ್ಲೇ ತಿಳಿ ನಾದ ನಿಂತಾಗ ಎರಡಕ್ಕೂ ಕಳೆ ಬರುವುದನ್ನು ಗಮನಿಸಬೇಕು. ಹಾಡಿನುದ್ದಕ್ಕೂ ಗುರುಗುಟ್ಟುವವರಿಗೆ ಈ ಮಾತು ಹಿಡಿಸುವುದಿಲ್ಲ.

ಗ್ರೌಲ್ ಎಂದು ಭ್ರಮೆ ಹುಟ್ಟಿಸುವ ಇನ್ನೊಂದು ಸದ್ದಿದೆ, ಅದು ಕೊಳವೆಯೊಳಗಿನ ನೀರು. ಉಸಿರಿನ ತೇವ ಒಳಗೆ ಹನಿಗಟ್ಟಿ ಗೊರಗೊರ ಎನ್ನುತ್ತದೆ. ನಿಜವಾದ ಗ್ರೌಲ್ ಎಲ್ಲ ಸ್ವರಗಳಲ್ಲೂ ನಾವು ಬಯಸಿದಾಗ ಬಂದು ಬಯಸಿದಾಗ ಹೋಗುತ್ತದೆ. ನೀರಿನದು ತನ್ನಿಷ್ಟಕ್ಕೆ, ಹೆಚ್ಚಾಗಿ ಯಾವುದೋ ಒಂದು ವಾಲ್ವು ಒತ್ತಿದಾಗಲಷ್ಟೇ ಕೇಳುತ್ತದೆ. ಮೂರನೇ ವಾಲ್ವಿನ ಸ್ಲೈಡಿನಲ್ಲಿ ನೀರು ನಿಂತಿರುವುದು ಸಾಮಾನ್ಯ. ಗ್ರೌಲ್ ಅಭ್ಯಾಸದಲ್ಲಿ ಎಂಜಲೂ ಜಾಸ್ತಿ ಇಳಿಯುವುದರಿಂದ ಐದೈದು ನಿಮಿಷಕ್ಕೊಮ್ಮೆ ನೀರಿನ ಕೀಲಿ ಒತ್ತಿ, ಸದ್ದಿಲ್ಲದೆ ಗಾಳಿ ಊದಿ ಖಾಲಿ ಮಾಡಬೇಕು. ಗ್ರೌಲ್ ಮಾಡಿದಾಗ ಸ್ವರವೇ ಇಲ್ಲದೆ ಬರೀ ಸುಸ್ ಎಂಬ ಗಾಳಿ ಬಂದರೆ ಕೆಳದವಡೆ ಜಾರಿ ತುಟಿಯ ಕಿಂಡಿ ಅಗಲವಾಗಿದೆ. ಕನ್ನಡಿಯ ಮುಂದೆ ನಿಂತು ಗದ್ದ ಅಲ್ಲಾಡದಂತೆ ನೋಡಿಕೊಂಡರೆ ಸರಿಹೋಗುತ್ತದೆ.

ದಿನಕ್ಕೆ ಹತ್ತು ನಿಮಿಷ ಸಾಕು. ಅದೂ ಒಂದೇ ಬಾರಿಗಲ್ಲ, ಊದಿದಷ್ಟೇ ಹೊತ್ತು ಬಿಡುವು ಕೊಡುತ್ತ, ತುಟಿ ಬೆಚ್ಚಗಾದ ಮೇಲೆ, ಆದರೆ ದಣಿಯುವ ಮೊದಲು. ಅಭ್ಯಾಸದ ಕೊನೆಯಲ್ಲಿ ಎರಡು ನಿಮಿಷ ಗ್ರೌಲ್ ಇಲ್ಲದ ಉದ್ದ ಸ್ವರಗಳನ್ನು ಮೆಲ್ಲಗೆ ಊದಿ ಮುಗಿಸಬೇಕು. ಗಂಟಲು ತುರಿಸಿದರೆ ನೀರು ಕುಡಿದು ನಿಲ್ಲಿಸಿ. ಮಾತಾಡುವ ದನಿ ಮರುದಿನವೂ ಒಡೆದಿದ್ದರೆ ಅದು ಸರಿಯಾಗುವವರೆಗೆ ಗ್ರೌಲ್ ಬೇಡ, ನಾಲಿಗೆಯ ಉರುಳಿನಲ್ಲಷ್ಟೇ ಕೆಲಸ ಮುಂದುವರಿಸಬಹುದು. ನೆಗಡಿ, ಗಂಟಲುನೋವು ಇದ್ದಾಗಲಂತೂ ಮುಟ್ಟಲೇಬಾರದು.

ಲೇಖನ ನಿಮ್ಮ ಜಾಲತಾಣದಲ್ಲೂ ಇದೆ. ಮುದ್ರಿತ ಪ್ರತಿಯನ್ನು ತಿದ್ದಲಾಗದು. ಅಲ್ಲಿಯಾದರೂ ‘ಗಂಟಲನ್ನು ಬಿಗಿಹಿಡಿದು’ ಎಂಬುದನ್ನು ‘ಗಂಟಲನ್ನು ಸಡಿಲಬಿಟ್ಟು’ ಎಂದು ಬದಲಿಸಿದರೆ ಉಪಕಾರ.

– ಟ್ರಂಪೆಟ್ ಕಲಿಸುವ ಇಬ್ಬರು ಓದುಗರು